ಹೊನವಾಡದ ಹಾಡುಗಾರ್ತಿ ಮತ್ತು ಎಂಟು ಸಾಲಿನ ತಿದ್ದುಪಡಿ

ವಿಜಯಪುರದಲ್ಲಿ ಮೂವತ್ತೊಂದು ವರ್ಷ ಒಂದೇ ಪತ್ರಿಕೆಯ ವರದಿಗಾರನಾಗಿದ್ದೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗ ಕೇಳುವುದು ಬಹುತೇಕ ಒಂದೇ ಪ್ರಶ್ನೆ: 'ಸರ್, ನೀವು ಬರೆದ ದೊಡ್ಡ ಸುದ್ದಿ ಯಾವುದು?' ಎಂಟು ಸಾಲಿನದು ಎನ್ನುತ್ತೇನೆ. ಅವರು ನಗುತ್ತಾರೆ. ಅದು ಒಳಪುಟದ ಮೂಲೆಯಲ್ಲಿ, ನೀರೆತ್ತುವ ಪಂಪಿನ ಜಾಹೀರಾತಿನ ಕೆಳಗೆ ಅಚ್ಚಾಗಿತ್ತು. ಅದು ಅಚ್ಚಾಗಲು ಹದಿನೇಳು ದಿನ ಹಿಡಿಯಿತು. ಆ ಹದಿನೇಳು ದಿನ ಹೊನವಾಡದ ಒಬ್ಬ ಹೆಣ್ಣುಮಗಳ ಅನ್ನ ಮತ್ತು ಹೆಸರು ಎರಡೂ ತೂಗಾಡುತ್ತಿದ್ದವು. ತೂಗಾಡುವಂತೆ ಮಾಡಿದವನು ನಾನು. ಹೊಸಬರಿಗೆ ಉಪಯೋಗವಾದೀತು ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಾನು ಸೇರಿದಾಗ ನಮ್ಮ ಕಚೇರಿ ಗಾಂಧಿ ಚೌಕದ ಹತ್ತಿರ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿತ್ತು. ಬರೆದ ಹಾಳೆಗಳನ್ನು ಸಂಜೆ ನಾಲ್ಕಕ್ಕೆ ಖಾಕಿ ಕವರಿನಲ್ಲಿ ಹಾಕಿ ನಮ್ಮ ಕೇಂದ್ರ ಕಚೇರಿಯಿದ್ದ ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕಿತ್ತು. ಬಸ್ಸು ಕೆಟ್ಟು ನಿಂತರೆ ಮರುದಿನದ ಪತ್ರಿಕೆಯಲ್ಲಿ ವಿಜಯಪುರ ಜಿಲ್ಲೆಯೇ ಇರುತ್ತಿರಲಿಲ್ಲ. ಮುಂದೆ ಫ್ಯಾಕ್ಸ್ ಬಂತು, ಕಂಪ್ಯೂಟರ್ ಬಂತು, ಕೊನೆಗೆ ಎಲ್ಲವೂ ಮೊಬೈಲಿಗೆ ಬಂತು. ಈ ಬದಲಾವಣೆಗಳಲ್ಲಿ ನಾವು ಕಳೆದುಕೊಂಡದ್ದು ಒಂದೇ: ಕವರು ಅಂಟಿಸುವ ಮೊದಲು ಇನ್ನೊಮ್ಮೆ ಓದುವ ಆ ಐದು ನಿಮಿಷ.

ನಮ್ಮ ಮುಖ್ಯಸ್ಥರು ದೇಸಾಯಿ ಸರ್. ಬಿಳಿ ಪೈಜಾಮ, ಕಿವಿಯ ಮೇಲೆ ಪೆನ್ಸಿಲು. ಅವರು ಹೇಳಿಕೊಟ್ಟ ವಿದ್ಯೆ ಒಂದು ವಾಕ್ಯದ್ದು. 'ಕಂಡದ್ದು ಬ್ಯಾರೆ, ಕೇಳಿದ್ದು ಬ್ಯಾರೆ. ಎರಡನ್ನೂ ಒಂದ ಸಾಲಿನಾಗ ಕೂಡಸ್ಬ್ಯಾಡ್ರಿ.'

ಕೂಡಿಸಿದೆ, ಮೊದಲ ವರ್ಷವೇ. ಬಬಲೇಶ್ವರದಲ್ಲಿ ಒಂದು ನಾಟಕ ಕಂಪನಿ ಬಿಡಾರ ಹೂಡಿತ್ತು. ಸೋಮವಾರದ ಆಟ ನೋಡಿ ಬಂದಿದ್ದೆ. ಬುಧವಾರದ ಆಟ ನೋಡದೆ, ಹ್ಯಾಂಡ್‌ಬಿಲ್ಲಿನಲ್ಲಿದ್ದ ಹೆಸರು ನೋಡಿ, ನಾಯಕಿಯ ದನಿ ಜೇನಿನಂತಿತ್ತು ಎಂದು ಬರೆದೆ. ಶನಿವಾರ ಒಬ್ಬ ಹೆಂಗಸು ನಮ್ಮ ಮಾಳಿಗೆ ಹತ್ತಿ ಬಂದಳು. ಹೆಸರು ಸುಮಿತ್ರಾಬಾಯಿ.

'ಇದನ್ನ ಬರದಾವ ಯಾಂವ?' ಎಂದಳು.

ನಾನು ಎದ್ದು ನಿಂತೆ.

'ಬುಧವಾರ ಆಕಿಗೆ ಮೈತುಂಬ ಜ್ವರ. ಪಾರ್ಟ್ ಮಾಡಿದಾಕಿ ನಾನು. ನೀವು ನೋಡಿದ್ರ ಆಕಿ ದನಿ ಜೇನಿನಂಗ ಇತ್ತು ಅಂತೀರಿ. ಅವತ್ತ ಆಕಿ ದನಿ ಕೆಮ್ಮಿನಂಗ ಇತ್ತೋ ತಮ್ಮಾ!'

ದೇಸಾಯಿ ಸರ್ ಆಕೆಗೆ ಚಹಾ ತರಿಸಿದರು. ಮರುದಿನವೇ ತಿದ್ದುಪಡಿ ಹಾಕಿಸಿದರು. ಚಹಾ ಕುಡಿಯುತ್ತ ಸುಮಿತ್ರಾಬಾಯಿ ನನಗೊಂದು ವಿಷಯ ಹೇಳಿದಳು: ಕಂಪನಿಯಲ್ಲಿ ಪ್ರತಿ ದೊಡ್ಡ ಪಾತ್ರವನ್ನು ಇಬ್ಬರು ಬಾಯಿಪಾಠ ಮಾಡಿರುತ್ತಾರೆ, ಇಬ್ಬರೂ ಸರದಿಯ ಮೇಲೆ ಆಡುತ್ತಾರೆ. 'ಪಾರ್ಟ್ ಕಲ್ತಾಕಿ ಅಂದ್ರ ಪಾರ್ಟ್ ಮಾಡಿದಾಕಿ ಅಂತನ ತಿಳ್ಕೋ.' ಈ ಮಾತನ್ನು ಇಪ್ಪತ್ತೈದು ವರ್ಷ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಕಸ್ತೂರಿಯನ್ನು ನಾನು ಮೊದಲು ಕಂಡದ್ದು ತಿಕೋಟಾದ ಒಂದು ಶಾಲಾ ಸಮಾರಂಭದಲ್ಲಿ. ಸ್ವಾಗತಗೀತೆಗೆ ಎಂಟು ಹುಡುಗಿಯರು ನಿಂತಿದ್ದರು. ಮೊದಲ ಸಾಲಿಗೇ ಮೈಕು ಸತ್ತಿತು. ಏಳು ದನಿ ವೇದಿಕೆಯಲ್ಲೇ ಉಳಿದವು. ಒಂದು ದನಿ ಮಾತ್ರ ಶಾಮಿಯಾನ ದಾಟಿ ರಸ್ತೆಯ ಚಹಾದಂಗಡಿಯವರೆಗೆ ಹೋಯಿತು. ಹೋಯಿತೆಂದು ಹೇಗೆ ಗೊತ್ತೆಂದರೆ ನಾನು ಆ ಅಂಗಡಿಯಲ್ಲೇ ಕೂತಿದ್ದೆ. ಸಮಾರಂಭದ ವರದಿಯಲ್ಲಿ ಹುಡುಗಿಯ ಹೆಸರು ಸೇರಿಸಿದೆ, ಒಂದು ಸಾಲು.

ಅವಳ ತಂದೆ ಹೊನವಾಡದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದವರು, ಮಾತು ಕಡಿಮೆ. ತಾಯಿ ಗುರುಬಾಯಿ ಮಾತಿನ ಕೊರತೆಯನ್ನು ಇಬ್ಬರ ಪರವಾಗಿಯೂ ತುಂಬುವವಳು. ಓದು ಬಾರದು. ಆ ಒಂದು ಸಾಲಿನ ಪತ್ರಿಕೆಯನ್ನು ಪಕ್ಕದ ಮನೆಯವರಿಂದ ಓದಿಸಿಕೊಂಡು, ಮುಂದಿನ ವಾರ ಸಂತೆಗೆ ಬಂದಾಗ ತಮ್ಮ ತೋಟದ ಒಂದು ಸೇರು ಮನೂಕ, ಅಂದರೆ ಒಣದ್ರಾಕ್ಷಿ, ಹಿಡಿದುಕೊಂಡು ಕಚೇರಿಗೆ ಬಂದಳು. ಅಂದಿನಿಂದ ನಾನು ಅವಳ ಬಾಯಲ್ಲಿ 'ಪೇಪರ್ ಅಣ್ಣಾರು' ಆದೆ. ಮಗಳಿಗೆ 'ಕಾಕಾ'.

ಮುಂದೆ ವಿಜಯಪುರದ ಕಾನ್ವೆಂಟ್ ಶಾಲೆಯಲ್ಲಿ ಕಸ್ತೂರಿಗೆ ಪಾಶ್ಚಾತ್ಯ ಸಂಗೀತ ಬಲ್ಲ ಒಬ್ಬ ಸಿಸ್ಟರ್ ಸಿಕ್ಕರು. ಈ ದನಿ ಎತ್ತರದ್ದು, ಇದನ್ನು ತಗ್ಗಿಸಬೇಡಿ ಎಂದು ಮೊದಲು ಹೇಳಿದವರು ಅವರು. ಹುಡುಗಿ ಮನೆಯಲ್ಲಿ ಅಭ್ಯಾಸಕ್ಕೆ ನಿಂತರೆ ಓಣಿಯವರು ಏನಾಯಿತೆಂದು ಓಡಿ ಬರುತ್ತಿದ್ದರು. ಆದ್ದರಿಂದ ಅವಳು ತೋಟದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಹೋಗಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ನಡುವೆ ನಿಂತು ಹಾಡುತ್ತಿದ್ದಳು. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ವಿದ್ಯಾರ್ಥಿವೇತನದ ಮೇಲೆ ಜರ್ಮನಿ.

ಹೊರಡುವ ಮುಂಚೆ ಒಪೆರಾ ಅಂದರೇನೆಂದು ತಾಯಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. 'ನಾಟಕನ ಅವ್ವಾ. ಆದ್ರ ಮಾತಿಲ್ಲ, ಪೂರಾ ಹಾಡು. ಹೆಣ್ಣಮಕ್ಕಳ ದನ್ಯಾಗ ಎಲ್ಲಾಕಿಂತ ಮ್ಯಾಲಿನ ದನಿಗೆ ಸೊಪ್ರಾನೊ ಅಂತಾರ. ನಿಮ್ಮ ಮಗಳದು ಅದ. ಸಾವಿರ ಮಂದಿ ಕುಂತಿರ್ತಾರ, ಮೈಕ್ ಇರೂದಿಲ್ಲ.'

'ಮೈಕ್ ಇಲ್ಲೇನ್ರಿ?' ಗುರುಬಾಯಿ ಗಲ್ಲದ ಮೇಲೆ ಕೈ ಇಟ್ಟಳು. 'ಯಪ್ಪಾ, ಅಷ್ಟ ಬಡವರೇನ ಅವರು?'

ಅವ್ವ ಮಗಳ ಉಡಿ ತುಂಬಿ ಕಳಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಖಣ. ವಿಮಾನದಲ್ಲಿ ಅಕ್ಕಿ ಬಿಡುತ್ತಾರೋ ಇಲ್ಲವೋ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ನಂತರದ ವರ್ಷಗಳ ಅವಳ ವೃತ್ತಿಯನ್ನು ನಾನು ಫೋನಿನಲ್ಲೇ ಕಂಡದ್ದು, ಅಂದರೆ ಕೇಳಿದ್ದು. ಮೊದಲ ಮೂರು ವರ್ಷ ಮೇಳದಲ್ಲಿ ನಿಂತು ಹಾಡಿದಳು. ಬಳಿಕ ದಾಸಿ, ಗೆಳತಿ, ಹೂ ಮಾರುವವಳು, ಹೀಗೆ ನಾಲ್ಕು ಸಾಲಿನ ಪಾತ್ರಗಳು. ಜರ್ಮನಿಯಿಂದ ಪೋಲೆಂಡ್, ಅಲ್ಲಿಂದ ಒಂದು ತಂಡದೊಡನೆ ಮಸ್ಕತ್, ಎರಡು ತಿಂಗಳು ಕೊರಿಯಾದ ಸೋಲ್. ಹೊರಗಿನವರಿಗೆ ಅದು ದೇಶ ಸುತ್ತುವ ಸುಖ. ಅವಳಿಗೆ ಅದು ಒಂದು ಪೆಟ್ಟಿಗೆ, ಕೊರಳಿಗೆ ಸುತ್ತಿದ ಒಂದು ಮಫ್ಲರ್ ಮತ್ತು ನೆಗಡಿಯ ಭಯ. ಆಡಿಷನ್ ಬಗ್ಗೆ ಒಮ್ಮೆ ಹೇಳಿದ್ದಳು: 'ಆರು ಮಂದಿ ಕುಂತಿರ್ತಾರ ಕಾಕಾ. ಎರಡು ಹಾಡು ತಯಾರ ಮಾಡ್ಕೊಂಡು ರಾತ್ರಿಯೆಲ್ಲಾ ರೈಲಿನಾಗ ಹೋಗಿರ್ತೇನಿ. ಮೊದಲನೇದರ ನಡಬರಕ ಥ್ಯಾಂಕ್ಯೂ ಅಂತಾರ. ಆ ಥ್ಯಾಂಕ್ಯೂ ಅಂದ್ರ, ನಡಿ ಅಂತ.'

ಇಟಲಿಯ ಭಾಷೆಯ ಹಾಡನ್ನು ಪೋಲೆಂಡಿನಲ್ಲಿ ಹಾಡುತ್ತಾಳೆಂದು ಕೇಳಿ ತಾಯಿ, 'ಅವರಿಗೆ ತಿಳೀತೈತೇನ ನೀ ಏನ ಹಾಡಾಕತ್ತಿ ಅಂತ?' ಎಂದಳಂತೆ.

'ಮ್ಯಾಲ ಪರದೆ ಮ್ಯಾಲ ಬರದು ತೋರಸ್ತಾರಬೇ.'

'ಹಂಗಾದ್ರ ನನ್ನಂಥಾಕಿ ಬಂದ್ರ?'

'ನೀ ನನ್ನ ಮಾರಿ ನೋಡ್ಕೋಂತ ಕುಂದ್ರು.'

ಅವಳು ಒಂದು ಬೇಸಿಗೆಗೆ ಊರಿಗೆ ಬಂದಾಗ ನಮ್ಮ ಕೇಂದ್ರ ಕಚೇರಿಗೆ ಒಂದು ಹುಕಿ ಬಂತು. ಗೋಳಗುಮ್ಮಟದ ಒಳಗೆ ಅವಳು ಹಾಡುವ ಫೋಟೊ ಬೇಕಂತೆ. ಕರೆದುಕೊಂಡು ಹೋದೆ. ಮೇಲಿನ ಗ್ಯಾಲರಿಯಲ್ಲಿ ಯಾವುದೋ ಶಾಲೆಯ ಪ್ರವಾಸದ ಮಕ್ಕಳು ಒಬ್ಬರಿಗೊಬ್ಬರು ಹೆಸರು ಕೂಗಿ ಅದನ್ನೇ ಏಳೇಳು ಸಲ ವಾಪಸ್ ಕೇಳಿಸಿಕೊಳ್ಳುತ್ತಿದ್ದರು. ಕಸ್ತೂರಿ ಐದು ನಿಮಿಷ ನಿಂತು ನೋಡಿದಳು. 'ಇವರ ಜೋಡಿ ನಾ ಪೈಪೋಟಿ ಮಾಡಾಂಗಿಲ್ಲ ಕಾಕಾ, ನಡೀರಿ ಕಬ್ಬಿನ ಹಾಲು ಕುಡಿಯೂಣು' ಎಂದಳು. ಫೋಟೊ ಆಗಲಿಲ್ಲ. ಬಾಯಿ ತೆರೆದಂತೆ ನಟಿಸಿದರೂ ಸಾಕಿತ್ತಲ್ಲ ಎಂದು ಕೇಂದ್ರ ಕಚೇರಿ ಬೈಯಿತು. ಹಾಡದೆ ಹಾಡಿದಂತೆ ನಿಲ್ಲಲು ಒಪ್ಪದ ಹುಡುಗಿ ಅದು. ಇದನ್ನು ನಾನು ಆಗಲೇ ಸರಿಯಾಗಿ ಗುರುತು ಹಾಕಿಕೊಳ್ಳಬೇಕಿತ್ತು.

ಮರುವರ್ಷ ಅವಳು ಜರ್ಮನಿಯ ಒಂದು ದೊಡ್ಡ ರಂಗಮಂದಿರದಿಂದ ಫೋನ್ ಮಾಡಿದಳು. ದನಿಯಲ್ಲಿ ಸಂತೋಷವಿತ್ತು. 'ಕಾಕಾ, ರಾಣಿ ಪಾರ್ಟ್ ಪೂರಾ ಕಲ್ತೇನಿ. ಈ ಪಾರ್ಟಿಗೆ ನನ್ನೂ ತಗೊಂಡಾರ. ತಾಲೀಮು ಮುಗದಾವು. ದಿನಾ ಥೇಟರಿನಾಗ ಇರ್ತೇನಿ.'

ಸುಮಿತ್ರಾಬಾಯಿಯ ಮಾತು ನೆನಪಾಯಿತು. ಪಾರ್ಟ್ ಕಲಿತವಳೆಂದರೆ ಪಾರ್ಟ್ ಮಾಡಿದವಳು. ಇಬ್ಬರು ರಾಣಿಯರು, ಸರದಿಯ ಮೇಲೆ ಆಡುತ್ತಾರೆ, ಅವರಲ್ಲಿ ನಮ್ಮವಳೊಬ್ಬಳು. ಮತ್ತೇನೂ ಕೇಳಲಿಲ್ಲ. 'ಜರ್ಮನಿಯ ರಂಗದಲ್ಲಿ ರಾಣಿಯಾಗಿ ಹಾಡಿದ ಹೊನವಾಡದ ಕಸ್ತೂರಿ' ಎಂದು ನಾಲ್ಕು ಕಾಲಂ ಬರೆದೆ. ನಮ್ಮ ಪತ್ರಿಕೆಯ ಜಾಲತಾಣದಲ್ಲೂ ಹಾಕಿದರು. ಹೊನವಾಡ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಗುರುಬಾಯಿ ಹೋಳಿಗೆ ಮಾಡಿ ಓಣಿಯ ಪ್ರತಿ ಮನೆಗೂ ಹಂಚಿದಳು. ನನಗೂ ಬಸ್ಸಿನಲ್ಲಿ ಡಬ್ಬಿ ಬಂತು. ತಿಂದೆ.

ಐದನೆಯ ದಿನ ಮಧ್ಯಾಹ್ನ ಕಸ್ತೂರಿಯ ಫೋನು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

'ಕಾಕಾ, ನಾ ಹಾಡೇನಿ ಅಂತ ನಿಮಗ ಹೇಳಿದ್ನೇನ್ರಿ?'

ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. 'ಇಲ್ಲವಾ. ಕಲ್ತೇನಿ ಅಂದಿದ್ದಿ.'

'ನಾ ಬದಲಿ ಗಾಯಕಿ. ಆಕಿಗೆ ಆರಾಮ ತಪ್ಪಿದ್ರ ಅಷ್ಟ ನಾ ಹಾಡೂದು. ಅಲ್ಲೀತನಕ ಹಿಂದ ಒಂದು ಖೋಲ್ಯಾಗ ಕುಂತಿರ್ತೇನಿ. ಆಕಿಗೆ ಒಂದ ದಿನಾನೂ ಆರಾಮ ತಪ್ಪಿಲ್ಲ.'

ರಂಗಮಂದಿರದ ಕಚೇರಿಯಲ್ಲಿ ಯಾರೋ ನಮ್ಮ ಸುದ್ದಿಯನ್ನು ಯಂತ್ರದಿಂದ ಅನುವಾದಿಸಿಕೊಂಡು ಓದಿದ್ದರು. ನಿಜವಾಗಿ ಹಾಡುತ್ತಿದ್ದ ಗಾಯಕಿಯ ಕಡೆಯವರಿಗೂ ಅದು ಮುಟ್ಟಿತ್ತು. ಹಾಡದ ಪಾತ್ರವನ್ನು ಹಾಡಿದೆನೆಂದು ಹೇಳಿಕೊಳ್ಳುವುದು ಆ ವೃತ್ತಿಯಲ್ಲಿ ಕಳ್ಳತನಕ್ಕೆ ಸಮ. ಕಸ್ತೂರಿಯನ್ನು ಕರೆದು ಕೇಳಿದ್ದರು. ಮುಂದಿನ ವರ್ಷದ ಕರಾರು ಸಹಿಗೆ ಬಂದಿದ್ದು ಮೇಜಿನ ಮೇಲೆ ನಿಂತುಬಿಟ್ಟಿತ್ತು. ಕರಾರಿಲ್ಲದಿದ್ದರೆ ಆ ದೇಶದಲ್ಲಿ ಉಳಿಯುವ ಪರವಾನಗಿಯೂ ಇಲ್ಲ.

'ನೀ ಹೇಳಿಲ್ಲ, ನಾನ ಬರದೇನಿ ಅಂತ ಹೇಳು' ಎಂದೆ.

'ಹೇಳೇನಿ. ಪೇಪರಿನಾಗ ಬರ್ಲಿ ಅಂತಾರ.'

ಹುಬ್ಬಳ್ಳಿಗೆ ಫೋನ್ ಮಾಡಿದೆ. ದೇಸಾಯಿ ಸರ್ ಆಗಲೇ ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಸುದ್ದಿ ಸಂಪಾದಕರು ಹೊಸಬರು, ಒಳ್ಳೆಯವರೇ. ಅವರಿಗೆ ಅರ್ಥವೇ ಆಗಲಿಲ್ಲ. 'ಒಳ್ಳೇ ಸುದ್ದಿಗೆ ಯಾರಾದ್ರೂ ತಿದ್ದುಪಡಿ ಹಾಕ್ತಾರೇನ್ರಿ? ಬೈದಿದ್ರ ಹಾಕೋಣು, ಹೊಗಳೇವಿ. ಓದಿದವರು ಖುಷಿ ಪಟ್ಟಾರ. ಸುಮ್ನಿರ್ರಿ.' ಸುಮ್ಮನಿರಲಿಲ್ಲ. ದಿನಕ್ಕೊಂದು ಪತ್ರ ಕಳಿಸಿದೆ. ಅವರು ಸುದ್ದಿಯನ್ನು ಜಾಲತಾಣದಿಂದ ಸದ್ದಿಲ್ಲದೆ ತೆಗೆದರು. ಅದು ಇನ್ನೂ ಕೆಟ್ಟದಾಯಿತು. ಕದ್ದು ಬಚ್ಚಿಟ್ಟಂತೆ ಕಂಡಿತೆಂದು ಕಸ್ತೂರಿ ಹೇಳಿದಳು.

ಈ ನಡುವೆ ಹೊನವಾಡಕ್ಕೆ ಹೋದೆ. ಆ ತಾಯಿಗೆ ಇದನ್ನು ಫೋನಿನಲ್ಲಿ ಹೇಳಬಾರದು ಎನ್ನಿಸಿತು. ಗುರುಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಸುದ್ದಿ ಲ್ಯಾಮಿನೇಟ್ ಆಗಿ ಬಾಗಿಲ ಮೇಲೆ, ದೇವರ ಫೋಟೊದ ಪಕ್ಕದಲ್ಲಿ ತೂಗುತ್ತಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಮೊರದಿಂದ ಅವಳ ಕೈ ಎದ್ದಿತು.

'ಹಂಗಾದ್ರ ಆಕಿ ಅಲ್ಲಿ ಏನ ಮಾಡ್ತಾಳ?'

'ಕಾಯ್ತಾಳವ್ವಾ.'

'ಕಾಯೂದಕ್ಕೂ ಪಗಾರ ಕೊಡ್ತಾರ?'

'ಕೊಡ್ತಾರ.'

'ಚಲೋ ದೇಶ ಐತಿ ಬಿಡ್ರಿ.' ಮೊರದಲ್ಲಿದ್ದ ಒಂದು ಹರಳು ತೆಗೆದು ಒಗೆದಳು. 'ಹೋಳಗಿ ತಿಂದಾವರಿಗೆ ಏನ ಹೇಳ್ಲಿ?'

ಅವಳು ಎದ್ದು ಸೆರಗು ಕೊಡವಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು. ನಾನು ಹಿಂದೆ ಹೋದೆ. ಮೊದಲ ಮನೆಯ ಬಾಗಿಲಲ್ಲಿ ನಿಂತು, 'ಅಕ್ಕಾರ, ನಮ್ಮ ಕಸ್ತೂರಿ ಹಾಡಿಲ್ಲಂತ. ಪೇಪರಿನವರದು ತಪ್ಪಾಗೇತಿ. ನಾವು ಸುಳ್ಳ ಹೇಳಿಲ್ಲ' ಎಂದಳು. ಎರಡನೆಯ ಮನೆ. ಮೂರನೆಯದು. ಒಬ್ಬಾಕೆ, 'ಇರ್ಲಿ ಬಿಡ ಗುರವ್ವಾ, ಹೋಳಗಿ ಚಲೋ ಆಗಿದ್ದವು' ಎಂದಳು. ಇನ್ನೊಬ್ಬಳು, 'ರಾಣಿ ಅವ್ವ ಬಂದ್ಳು ನೋಡ್ರಿ' ಎಂದು ಒಳಗಿನವರಿಗೆ ಕೇಳುವಂತೆ ನಕ್ಕಳು. ಗುರುಬಾಯಿ ಅದಕ್ಕೂ ನಿಂತು, ಹೇಳಬೇಕಾದ್ದನ್ನು ಪೂರ್ತಿ ಹೇಳಿಯೇ ಮುಂದೆ ಹೋದಳು. ಹೋಳಿಗೆ ಹೋದ ಮನೆ ಒಂದೂ ಬಿಡಲಿಲ್ಲ. ನನ್ನ ಪತ್ರಿಕೆ ಮಾಡಲು ಹಿಂದೆಮುಂದೆ ನೋಡುತ್ತಿದ್ದ ಕೆಲಸವನ್ನು ಓದು ಬಾರದ ಆ ಹೆಂಗಸು ಒಂದು ಮಧ್ಯಾಹ್ನದಲ್ಲಿ ಮುಗಿಸಿದಳು.

ವಿಜಯಪುರಕ್ಕೆ ಬಂದವನೇ ಇದನ್ನೆಲ್ಲ ಬರೆದು ಹುಬ್ಬಳ್ಳಿಗೆ ಕಳಿಸಿದೆ. ತಿದ್ದುಪಡಿ ಬಾರದಿದ್ದರೆ ಈ ಪತ್ರವನ್ನೇ ರಾಜೀನಾಮೆ ಎಂದು ತಿಳಿಯಿರಿ ಎಂದು ಕೆಳಗೆ ಸೇರಿಸಿದೆ. ಬೆದರಿಕೆ ಹಾಕುವುದು ನನ್ನ ಸ್ವಭಾವವಲ್ಲ. ಹೊಸಬರಿಗೆ ಶಿಫಾರಸೂ ಮಾಡುವುದಿಲ್ಲ. ಸುದ್ದಿ ಬಂದ ಹದಿನೇಳನೆಯ ದಿನ ಈ ಎಂಟು ಸಾಲು ಅಚ್ಚಾದವು:

'ತಿದ್ದುಪಡಿ: ಹೊನವಾಡದ ಗಾಯಕಿ ಕಸ್ತೂರಿ ಅವರು ಜರ್ಮನಿಯಲ್ಲಿ ಒಪೆರಾ ಒಂದರ ರಾಣಿಯ ಪಾತ್ರದಲ್ಲಿ ಹಾಡಿದರು ಎಂದು ಪ್ರಕಟವಾದ ವರದಿ ತಪ್ಪು. ಅವರು ಆ ಪಾತ್ರಕ್ಕೆ ಬದಲಿ ಗಾಯಕಿಯಾಗಿ ಸಿದ್ಧರಾಗಿದ್ದಾರೆ, ಈವರೆಗೆ ಹಾಡಿಲ್ಲ. ಹಾಡಿದ್ದಾಗಿ ಅವರು ಹೇಳಿಯೂ ಇರಲಿಲ್ಲ. ತಪ್ಪು ವರದಿಗಾರನದು.'

ಕೊನೆಯ ಎರಡು ಪದ ತೆಗೆಯೋಣವೇ ಎಂದು ಹುಬ್ಬಳ್ಳಿಯವರು ಕೇಳಿದ್ದರು. ಬೇಡ ಎಂದಿದ್ದೆ. ಕಸ್ತೂರಿಯ ಕರಾರಿಗೆ ಸಹಿ ಬಿತ್ತು. ಗುರುಬಾಯಿ ಆ ತುಣುಕನ್ನೂ ಲ್ಯಾಮಿನೇಟ್ ಮಾಡಿಸಿ ಮೊದಲನೆಯದರ ಕೆಳಗೆ ತೂಗುಹಾಕಿದಳು. ಯಾಕವ್ವಾ ಎಂದರೆ, 'ಒಂದ ಇಟ್ಟು ಒಂದ ತಗದ್ರ ಮಂದಿ ಏನಂದಾರು?' ಎಂದಳು.

ಆಮೇಲೆ ಐದು ವರ್ಷ ಕಸ್ತೂರಿಯ ಬಗ್ಗೆ ನಾನು ಬರೆಯಲಿಲ್ಲ. ಅವಳು ಫೋನ್ ಮಾಡುತ್ತಿದ್ದಳು. ಆಸ್ಟ್ರಿಯಾದ ಇನ್ನೊಂದು ರಂಗಮಂದಿರ ಸೇರಿದಳು. ಅಲ್ಲಿಯೂ ಸಣ್ಣ ಪಾತ್ರಗಳು, ಮತ್ತೆ ಅದೇ ರಾಣಿಗೆ ಬದಲಿ. ಕಾಯುವುದನ್ನೂ ಒಂದು ವಿದ್ಯೆಯಂತೆ ಕಲಿತಿದ್ದಳು. ಆಟವಿದ್ದ ದಿನವೆಲ್ಲ ಪೂರ್ತಿ ಪಾತ್ರವನ್ನು ಮನಸ್ಸಿನಲ್ಲೇ ಒಮ್ಮೆ ಹಾಡಿ, ಬಟ್ಟೆ ಮಡಚಿಟ್ಟು ಮನೆಗೆ ಹೋಗುವಳು.

ನನ್ನ ಸೇವೆಯ ಕೊನೆಯ ತಿಂಗಳು. ಒಂದು ಸೋಮವಾರ ಹನ್ನೆರಡರ ಸುಮಾರಿಗೆ ಫೋನು ಬಂತು.

'ಕಾಕಾ, ನಿನ್ನೆ ಮಧ್ಯಾಹ್ನದ ಆಟ. ರಾಣಿ ಪಾರ್ಟಿನಾಕಿ ಗಂಟಲ ಕಟ್ತು.'

ಪೆನ್ನು ತೆಗೆದುಕೊಂಡೆ. 'ನೀ ಹಾಡಿದಿ?'

'ಹಾಡೇನಿ.'

'ಮೊದಲಿಂದ ಕಡೀತನಕಾ?'

'ಮೂರೂ ಅಂಕ. ಅಂಗಿ ದೊಡ್ಡದಾಗಿತ್ತು, ಪಿನ್ನು ಚುಚ್ಚಿ ಬಿಗಿ ಮಾಡಿದ್ರು.'

'ನಡಬರಕ ಬ್ಯಾರೇದಾವರು ಯಾರೂ ಹಾಡಿಲ್ಲ?'

'ಕಾಕಾ, ಇದು ಪೊಲೀಸ್ ಠಾಣೆ ಏನ್ರಿ?' ಅವಳು ನಕ್ಕಳು. ನಗು ಅರ್ಧಕ್ಕೇ ಒಡೆಯಿತು. ಆ ಕಡೆ ಸ್ವಲ್ಪ ಹೊತ್ತು ಮೂಗೊರೆಸುವ ಸದ್ದು. ನಾನು ಕಾದೆ. ಕಾಯುವುದು ನನಗೂ ಅಷ್ಟಿಷ್ಟು ಬರುತ್ತದೆ.

'ಕಾಗದಪತ್ರ ಏನರೆ ಐತೇನವಾ?' ಎಂದೆ.

ಇತ್ತು. ಗಾಯಕಿ ಬದಲಾದರೆ ಪ್ರೇಕ್ಷಕರ ಕೈಗೆ ಕೊಡುವ ಪುಸ್ತಿಕೆಯೊಳಗೆ ಒಂದು ಬಿಳಿ ಚೀಟಿ ಇಡುತ್ತಾರೆ: ಇಂದು ಈ ಪಾತ್ರದಲ್ಲಿ ಇಂಥವರು. ಅದರ ಚಿತ್ರ ಕಳಿಸಿದಳು. ಅದು ಸಾಲದೆಂದು ರಂಗಮಂದಿರಕ್ಕೇ ಮೇಲ್ ಮಾಡಿದೆ. ಉತ್ತರ ಬರುವವರೆಗೆ ಒಂದು ದಿನ ಸುದ್ದಿ ತಡೆದೆ.

'ಅವ್ವಗ ಹೇಳಿಯೇನು?' ಎಂದು ಕೇಳಿದ್ದೆ.

'ಇಲ್ರಿ. ನಾ ಹೇಳಿದ್ರ, ಪೇಪರಿನಾಗ ಬರ್ಲಿ ತಡಿ ಅಂತಾಳ.'

ಬುಧವಾರ ಸುದ್ದಿ ಬಂತು, ಒಂಬತ್ತು ಸಾಲು. ಪತ್ರಿಕೆ ಹಿಡಿದುಕೊಂಡು ಮೊದಲ ಬಸ್ಸಿಗೆ ಹೊನವಾಡಕ್ಕೆ ಹೋಗಿ ಗುರುಬಾಯಿಯ ಅಂಗಳದಲ್ಲಿ ಕೂತು ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಇನ್ನೊಮ್ಮೆ ಓದಲು ಹೇಳಿದಳು. ಓದಿದೆ. ಆಮೇಲೆ ಕಣ್ಣು ತೆರೆದು ಕೇಳಿದಳು:

'ತಿದ್ದುಪಡಿ ಯಾವತ್ತ ಬರ್ತೈತ್ರಿ?'

'ಈ ಸಲ ಬರಾಂಗಿಲ್ಲವ್ವಾ.'

'ಹೋದ ಸಲಾನೂ ಬರ್ತೈತಿ ಅಂತ ನೀವು ಮೊದಲ ಹೇಳಿರ್ಲಿಲ್ಲ.'

ಚಹಾ ಕೊಟ್ಟಳು. ಹೋಳಿಗೆಯ ಮಾತೆತ್ತಲಿಲ್ಲ. ಆ ದಿನದಿಂದ ಅವಳು ದಿನವೂ ಪತ್ರಿಕೆ ತರಿಸಿ, ಪಕ್ಕದ ಮನೆಯವರಿಂದ ಒಳಪುಟದ ಮೂಲೆಗಳನ್ನೆಲ್ಲ ಓದಿಸಿದಳಂತೆ. ಪಂಪಿನ ಜಾಹೀರಾತಿನ ಕೆಳಗೆ ಏನಿದೆ ಎಂದು ಮರೆಯದೆ ಕೇಳುತ್ತಿದ್ದಳಂತೆ.

ಅಷ್ಟರಲ್ಲಿ ನಾನು ನಿವೃತ್ತನಾದೆ. ಶಾಲು ಹೊದಿಸಿದರು, ನಾಲ್ಕು ಮಾತು ಆಡಿದರು. ಅದಾದ ಮೂರನೆಯ ಬೆಳಿಗ್ಗೆ, ಅಂದರೆ ಸುದ್ದಿ ಬಂದ ಹದಿನೆಂಟನೆಯ ದಿನ, ಗುರುಬಾಯಿಯ ಫೋನು.

'ಪೇಪರ್ ಅಣ್ಣಾರ, ಹದಿನೇಳ ದಿನ ಆತು. ಇವತ್ತೂ ಬಂದಿಲ್ಲ. ಬ್ಯಾಳಿ ಕುದಿಯಾಕ ಇಟ್ಟೇನಿ. ಹತ್ತರ ಬಸ್ಸಿಗೆ ಬರ್ರಿ.'

ಹೋದೆ. ಹೋಳಿಗೆಯ ಬುಟ್ಟಿಯ ಮೇಲೆ ಬಿಳಿ ಪಂಚೆ ಮುಚ್ಚಿ, ಅವಳು ಆಗಲೇ ಬಾಗಿಲಲ್ಲಿ ನಿಂತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ. 'ಬರ್ರಿ, ನೀವೂ ಬರಬೇಕು' ಎಂದು ಮುಂದೆ ನಡೆದಳು. ಅಂದು ಹೋದ ಮನೆಗಳು, ಅಂದಿನ ಅದೇ ಅನುಕ್ರಮ. ಮೊದಲ ಬಾಗಿಲಲ್ಲಿ ನಿಂತು, ಹೋಳಿಗೆ ಕೈಗಿಡುವ ಮೊದಲು, ನನ್ನ ಕಡೆ ತಿರುಗಿ, 'ನಾ ಹೇಳಾಂಗಿಲ್ಲ. ಇವರ್ನ ಕೇಳ್ರಿ' ಎಂದಳು.

ಮನೆಯಾಕೆ ನನ್ನ ಮುಖ ನೋಡಿದಳು.

'ಹಾಡ್ಯಾಳ್ರಿ' ಎಂದೆ.

ಓಣಿಯ ಕೊನೆಯವರೆಗೂ, ನಕ್ಕಿದ್ದ ಮನೆಯ ಬಾಗಿಲೂ ಸೇರಿದಂತೆ, ಬಾಗಿಲಿಗೊಂದು ಸಲ ಅದೊಂದೇ ಮಾತು ಹೇಳುತ್ತ ಹೋದೆ.